ಮಗನನ್ನು ನಾಲ್ಕು ದಿನ ಬೇರೆಯವರ ಕೈಲಿ ಬಿಟ್ಟರೆ ತಪ್ಪಾ?

ಪ್ರಶ್ನೆ: ನನ್ನ ಮಗನಿಗೆ 24 ವರ್ಷ. ಆಟಿಸಂ ಇದೆ, ಜೊತೆಗೆ ಬುದ್ಧಿ ಬೆಳವಣಿಗೆಯೂ ಕಮ್ಮಿ. ಬೆಳಿಗ್ಗೆ ಹತ್ತರಿಂದ ಮೂರರವರೆಗೆ ಡೇ ಕೇರ್‌ಗೆ ಹೋಗುತ್ತಾನೆ. ಮಿಕ್ಕ ಹೊತ್ತು ಸ್ನಾನ, ಊಟ, ಶೇವಿಂಗ್, ರಾತ್ರಿ ಎದ್ದರೆ ಮತ್ತೆ ಮಲಗಿಸುವುದು ಎಲ್ಲ ನಾನೇ. ನನಗೆ 52. ಗರ್ಭಕೋಶದ ಆಪರೇಷನ್ ಮಾಡಿಸಿಕೊಳ್ಳಿ ಅಂತ ಡಾಕ್ಟರ್ ಹೇಳಿ ವರ್ಷವಾಯಿತು. ಎರಡು ಸಲ ಡೇಟ್ ತಗೊಂಡು ಎರಡು ಸಲವೂ ಮುಂದೆ ಹಾಕಿದೆ. ಡೇ ಕೇರ್ ಟೀಚರ್ 'ರೆಸ್ಪೈಟ್ ಕೇರ್' ವಿಚಾರಿಸಿ ಅಂದರು. ಮನೆಯಲ್ಲಿ ಹೇಳಿದರೆ ಅತ್ತೆ, "ಹೆತ್ತವಳು ಮಗನ್ನ ಯಾರದೋ ಕೈಲಿ ಬಿಟ್ಟು ಹೋಗ್ತಾಳಾ?" ಅಂದರು. ಯಜಮಾನರು "ಅದೆಲ್ಲ ಫಾರಿನ್ ಪದ್ಧತಿ, ನಮ್ಮಲ್ಲಿ ನಡೆಯಲ್ಲ" ಅಂದರು. ಇದು ನಿಜವಾ ಮೇಡಂ? ಇದು ಎಲ್ಲಿಂದ ಬಂತು? ಬೆಂಗಳೂರಲ್ಲಿ ಇದೆಯಾ?
ಓದುಗರು, ರಾಜಾಜಿನಗರ

ಉತ್ತರ: ಮೊದಲು ಆ ಡೇಟ್ ಮತ್ತೆ ತಗೊಳ್ಳಿ. ಡಾಕ್ಟರ್ ಕಾಯಬಹುದು ಅಂದರೆ ಎರಡು ಮೂರು ತಿಂಗಳು ಆಚೆಗೆ ಇರಲಿ. ಯಾಕೆ ಅಷ್ಟು ಸಮಯ ಬೇಕು ಅನ್ನೋದನ್ನು ಕೊನೆಗೆ ಹೇಳುತ್ತೇನೆ. ತಡ ಮಾಡಬೇಡಿ ಅಂದರೆ ನಾಳೆಯೇ ಹೋಗಿ ಡೇಟ್ ಬರೆಸಿ, ಮಿಕ್ಕಿದ್ದನ್ನು ಆಮೇಲೆ ಹೊಂದಿಸೋಣ. ನೀವು ಮಲಗಿಬಿಟ್ಟರೆ ಅವನಿಗೆ ಯಾರೂ ಇರಲ್ಲ.

ಈಗ ನಿಮ್ಮ ಯಜಮಾನರ ಮಾತಿಗೆ ಬರೋಣ. ಅವರು ಹೇಳಿದ್ದರಲ್ಲಿ ಅರ್ಧ ಸರಿ. ಹೆಸರು ಹೊರಗಿನದು. ರೆಸ್ಪೈಟ್ ಅಂದರೆ ಬಿಡುವು, ಅಷ್ಟೇ. ನೋಡಿಕೊಳ್ಳುವವರಿಗೆ ಸ್ವಲ್ಪ ಹೊತ್ತು, ಒಂದು ರಾತ್ರಿ, ಒಂದು ವಾರ ಬಿಡುವು ಸಿಗಲಿ ಅಂತ ಗೊತ್ತಿರುವ, ಕಲಿತಿರುವ ಇನ್ನೊಬ್ಬರು ಬಂದು ನೋಡಿಕೊಳ್ಳುವುದು. ಮನೆಗೇ ಬಂದು ನೋಡಿಕೊಳ್ಳಬಹುದು, ಅವರ ಮನೆಗೆ ಕರೆದುಕೊಂಡು ಹೋಗಬಹುದು, ಒಂದು ಸೆಂಟರಿನಲ್ಲಿ ಇಟ್ಟುಕೊಳ್ಳಬಹುದು. ಅವಧಿ ಮುಗಿದ ಮೇಲೆ ಮಗು ಮನೆಗೆ ಬರುತ್ತದೆ. ಇದೇ ಮುಖ್ಯ. ಹಾಸ್ಟೆಲ್‌ಗೆ ಹಾಕುವುದಕ್ಕೂ ಇದಕ್ಕೂ ಇರುವ ವ್ಯತ್ಯಾಸ ಇದೊಂದೇ, ಆದರೆ ದೊಡ್ಡದು.

ಹೆಸರು ಇಲ್ಲದಿದ್ದರೂ ಕೆಲಸ ನಮ್ಮಲ್ಲಿ ಇತ್ತು. ನಾನು ಬೆಳೆದದ್ದು ಚಾಮರಾಜಪೇಟೆಯ ಒಂದು ವಠಾರದಲ್ಲಿ. ಎಂಟು ಮನೆ, ಒಂದು ನಲ್ಲಿ, ನಡುವೆ ಉದ್ದಕ್ಕೆ ಒಂದು ಅಂಗಳ. ಮೂರನೇ ಮನೆಯಲ್ಲಿ ಒಬ್ಬ ಹುಡುಗ ಇದ್ದ. ಮಾತು ಬರುತ್ತಿರಲಿಲ್ಲ, ಕೂತಲ್ಲೇ ತೂಗುತ್ತಿದ್ದ. ಅವನಮ್ಮ ಮಾರ್ಕೆಟ್‌ಗೆ ಹೊರಟರೆ ಬಾಗಿಲಿಗೆ ಚಿಲಕ ಹಾಕಿ "ಸ್ವಲ್ಪ ನೋಡ್ಕೊಳ್ರೀ" ಅಂತ ಅಂಗಳಕ್ಕೆ ಹೇಳಿ ಹೋಗುತ್ತಿದ್ದರು. ಯಾರಿಗೆ ಅಂತ ಹೆಸರು ಹಿಡಿದು ಹೇಳುತ್ತಿರಲಿಲ್ಲ. ಮೆಣಸಿನಕಾಯಿ ತೊಟ್ಟು ಬಿಡಿಸುತ್ತಾ ಕೂತ ಯಾರೋ ಒಬ್ಬರು ಅವನನ್ನು ಪಕ್ಕಕ್ಕೆ ಕೂರಿಸಿಕೊಳ್ಳುತ್ತಿದ್ದರು. ಅವನ ಕೈಗೂ ನಾಲ್ಕು ಕಾಯಿ ಕೊಡುತ್ತಿದ್ದರು. ವಠಾರದಲ್ಲಿ ಎಲ್ಲವೂ ಚೆನ್ನಾಗಿತ್ತು ಅಂತ ನಾನು ಹೇಳಲ್ಲ. ಅದೇ ಹುಡುಗನನ್ನು ಯಾರ ಮನೆ ಮದುವೆಗೂ ಕರೆಯುತ್ತಿರಲಿಲ್ಲ. ಹಬ್ಬದ ದಿನ ನೆಂಟರ ಕಣ್ಣಿಗೆ ಬೀಳದಿರಲಿ ಅಂತ ಒಳಗೆ ಕೂಡಿಹಾಕಿದ್ದನ್ನೂ ನೋಡಿದ್ದೇನೆ. ಆದರೂ ಅವನಮ್ಮನಿಗೆ ದಿನಕ್ಕೆ ಒಂದು ಗಂಟೆ ಸಿಗುತ್ತಿತ್ತು.

ಇನ್ನೊಂದು ತವರು. ಪಂಚಮಿಗೋ ಆಷಾಢಕ್ಕೋ ಅಣ್ಣ ತಮ್ಮಂದಿರು ಬಂದು ಕರೆದುಕೊಂಡು ಹೋಗುತ್ತಿದ್ದರು. ಹೆಣ್ಣುಮಗಳು ಅಲ್ಲಿ ತಡವಾಗಿ ಏಳಬಹುದಿತ್ತು. ಅವಳ ಮಕ್ಕಳನ್ನು ಅಜ್ಜಿ, ಚಿಕ್ಕಮ್ಮ ನೋಡಿಕೊಳ್ಳುತ್ತಿದ್ದರು. ಅದು ಬಿಡುವೇ ಅಲ್ವಾ? ವಿಶೇಷ ಮಕ್ಕಳ ತಾಯಂದಿರು ಮೊದಲು ಕಳೆದುಕೊಳ್ಳುವುದು ಈ ತವರನ್ನೇ. ಮಗ ಹೊಸ ಜಾಗದಲ್ಲಿ ಮಲಗಲ್ಲ, ಕೂಗುತ್ತಾನೆ, ಅತ್ತಿಗೆಗೆ ಕಿರಿಕಿರಿ ಅಂತ ಒಂದು ವರ್ಷ ಬಿಡುತ್ತಾರೆ, ಎರಡು ವರ್ಷ ಬಿಡುತ್ತಾರೆ. ಆಮೇಲೆ ಕರೆಯುವುದೇ ನಿಲ್ಲುತ್ತದೆ. ಕೊನೆಯ ಸಲ ತವರಿನಲ್ಲಿ ರಾತ್ರಿ ಉಳಿದದ್ದು ಯಾವಾಗ ಅಂತ ನಾನು ಹೊಸದಾಗಿ ಬರುವ ಪ್ರತಿ ತಾಯಿಯನ್ನೂ ಕೇಳುತ್ತೇನೆ. ಹೆಚ್ಚಿನವರು ಮಗುವಿನ ವಯಸ್ಸಿನಿಂದ ಲೆಕ್ಕ ಹಾಕಿ ಹೇಳುತ್ತಾರೆ.

ಈಗ ಹೊರದೇಶದ ಕಥೆ. ಅದು ನಮ್ಮ ಕಥೆಗೆ ಉಲ್ಟಾ ಶುರುವಾಗುತ್ತದೆ. ಅಮೆರಿಕ, ಇಂಗ್ಲೆಂಡ್‌ಗಳಲ್ಲಿ ಇಂಥ ಮಗು ಹುಟ್ಟಿದರೆ ಡಾಕ್ಟರೇ "ದೊಡ್ಡ ಸಂಸ್ಥೆಗೆ ಹಾಕಿಬಿಡಿ, ಇನ್ನೊಂದು ಮಗು ಮಾಡಿಕೊಳ್ಳಿ" ಅನ್ನುತ್ತಿದ್ದ ಕಾಲ ಇತ್ತು. ಊರಾಚೆ ಸಾವಿರಾರು ಜನರನ್ನು ತುಂಬಿದ ಕಟ್ಟಡಗಳು. ನ್ಯೂಯಾರ್ಕ್‌ನ ವಿಲೋಬ್ರೂಕ್ ಅದರಲ್ಲಿ ಒಂದು. 4,000 ಜನರಿಗೆ ಅಂತ ಕಟ್ಟಿದ್ದು, 1965ರ ಹೊತ್ತಿಗೆ 6,000ಕ್ಕೂ ಜಾಸ್ತಿ ಜನ ಇದ್ದರು. ಆ ವರ್ಷ ಸೆನೆಟರ್ ರಾಬರ್ಟ್ ಕೆನಡಿ ಅಲ್ಲಿಗೆ ಹೋಗಿ ಬಂದು ಅದನ್ನು ಹಾವಿನ ಗುಂಡಿ ಅಂತ ಕರೆದರು. 1972ರಲ್ಲಿ ಹೆರಾಲ್ಡೊ ರಿವೇರಾ ಅನ್ನುವ ಟಿವಿ ವರದಿಗಾರ ಕ್ಯಾಮೆರಾ ಹಿಡಿದು ಒಳಗೆ ಹೋದ. ಬಟ್ಟೆಯಿಲ್ಲದ, ಕೊಳಕಿನಲ್ಲಿ ಕೂತ ಮಕ್ಕಳನ್ನು ದೇಶವೇ ನೋಡಿತು. ತಂದೆತಾಯಂದಿರು ಕೋರ್ಟಿಗೆ ಹೋದರು. 1975ರಲ್ಲಿ ತೀರ್ಮಾನ ಬಂತು, ಇವರನ್ನು ಊರಿನ ನಡುವೆ ಸಣ್ಣ ಮನೆಗಳಿಗೆ ಕಳಿಸಬೇಕು ಅಂತ. 1987ರಲ್ಲಿ ಆ ಜಾಗ ಪೂರ್ತಿ ಮುಚ್ಚಿತು.

ಬಾಗಿಲು ತೆರೆದದ್ದು ಒಳ್ಳೆಯದೇ. ಆದರೆ ಕಟ್ಟಡದಲ್ಲಿ ಪಾಳಿಯ ಮೇಲೆ ಹತ್ತಾರು ಜನ ಮಾಡುತ್ತಿದ್ದ ಕೆಲಸ ಮನೆಯಲ್ಲಿ ಒಬ್ಬ ತಾಯಿಯ ತಲೆ ಮೇಲೆ ಬಂತು. ಅವಳಿಗೆ ಪಾಳಿ ಇಲ್ಲ, ವಾರದ ರಜೆ ಇಲ್ಲ. ಮಕ್ಕಳನ್ನು ಮನೆಯಲ್ಲೇ ಸಾಕಿದ ತಂದೆತಾಯಂದಿರು, ವಾಪಸ್ ಕರೆತಂದವರು, ಎಲ್ಲರೂ ಸೇರಿ ಕೇಳಿದ್ದು ಇದನ್ನೇ: ನಮ್ಮ ಮಗು ನಮ್ಮ ಹತ್ತಿರವೇ ಇರಲಿ, ನಮಗೆ ಉಸಿರಾಡೋಕೆ ಸ್ವಲ್ಪ ಸಹಾಯ ಕೊಡಿ. ಅಮೆರಿಕದಲ್ಲಿ ರೆಸ್ಪೈಟ್ ಕೇರ್ ಒಂದು ಸೇವೆಯಾಗಿ ಬೆಳೆದದ್ದು ಹೀಗೆ, 70ರ ದಶಕದಲ್ಲಿ. ಮಗುವನ್ನು ಮನೆಯಿಂದ ಕಳಿಸೋಕೆ ಹುಟ್ಟಿದ ಸೇವೆ ಇದಲ್ಲ. ಮಗು ಮನೆಯಲ್ಲೇ ಉಳಿಯಲಿ ಅಂತ ಹುಟ್ಟಿದ್ದು. ನಿಮ್ಮ ಅತ್ತೆಯವರಿಗೆ ಇದನ್ನು ನಿಧಾನವಾಗಿ ಹೇಳಿ.

ಇದರ ಹಿಂದೆ ಇದ್ದವರು ಹೆಚ್ಚಾಗಿ ಅಪ್ಪ ಅಮ್ಮಂದಿರೇ. ಇಂಗ್ಲೆಂಡಿನಲ್ಲಿ ಜೂಡಿ ಫ್ರೈಡ್ ಅನ್ನುವ ತಾಯಿ 1946ರಲ್ಲಿ ಮಕ್ಕಳ ಪಾಲನೆಯ ಪತ್ರಿಕೆಯೊಂದಕ್ಕೆ ಕಾಗದ ಬರೆದರು. ನನ್ನಂಥ ತಾಯಂದಿರು ಇದ್ದರೆ ಬರೆಯಿರಿ ಅಂತ. ರಾಶಿ ಕಾಗದ ಬಂದವು. ಇಂಥವರಿಗಾಗಿ ಕೆಲಸ ಮಾಡುವ ಇವತ್ತಿನ ಮೆನ್‌ಕ್ಯಾಪ್ ಸಂಸ್ಥೆ ಹುಟ್ಟಿದ್ದು ಅಲ್ಲಿಂದ. ಅಮೆರಿಕದ ಪಾಲಕರ ಸಂಘಗಳು 1950ರಲ್ಲಿ ಒಂದಾದವು.

ಸರ್ಕಾರದ ದುಡ್ಡು ಬಂದದ್ದು ಇನ್ನೂ ತಡವಾಗಿ. ಐಯೋವಾ ರಾಜ್ಯದಲ್ಲಿ ಕೇಟಿ ಬೆಕೆಟ್ ಅಂತ ಒಂದು ಪುಟ್ಟ ಹುಡುಗಿ. ಮೆದುಳಿನ ಸೋಂಕು ತಗುಲಿ ಉಸಿರಾಟಕ್ಕೆ ಯಂತ್ರ ಬೇಕಾಗಿತ್ತು. ಆಸ್ಪತ್ರೆಯಲ್ಲಿ ಇದ್ದರೆ ಸರ್ಕಾರ ಖರ್ಚು ಕೊಡುತ್ತಿತ್ತು, ಮನೆಗೆ ಕರೆತಂದರೆ ಕೊಡುತ್ತಿರಲಿಲ್ಲ. ಮನೆಯಲ್ಲೇ ಖರ್ಚು ಕಮ್ಮಿ ಆಗುತ್ತಿದ್ದರೂ! 1981ರಲ್ಲಿ ಅಧ್ಯಕ್ಷ ರೇಗನ್ ಅವರೇ ಆ ಹುಡುಗಿಯ ವಿಷಯ ಎತ್ತಿ ಮಾತಾಡಿದರು. ಅದೇ ವರ್ಷ ನಿಯಮ ಬದಲಾಗಿ, ಮನೆಯಲ್ಲಿ ನೋಡಿಕೊಳ್ಳುವುದಕ್ಕೂ ಸರ್ಕಾರಿ ಹಣ ಬಳಸಲು ರಾಜ್ಯಗಳಿಗೆ ಅವಕಾಶ ಸಿಕ್ಕಿತು. ರೆಸ್ಪೈಟ್ ಆ ಪಟ್ಟಿಯಲ್ಲಿ ಸೇರಿತು. 1986ರಲ್ಲಿ ಮಕ್ಕಳ ತಾತ್ಕಾಲಿಕ ಆರೈಕೆಗೆ, 2006ರಲ್ಲಿ ಎಲ್ಲ ವಯಸ್ಸಿನವರಿಗೂ ಅಂತ ಬೇರೆ ಬೇರೆ ಕಾನೂನು ಬಂದವು. ಇಷ್ಟೆಲ್ಲ ಆದರೂ ಅಲ್ಲಿನ ಎಷ್ಟೋ ರಾಜ್ಯಗಳಲ್ಲಿ ಇವತ್ತಿಗೂ ಉದ್ದ ವೇಟಿಂಗ್ ಲಿಸ್ಟ್ ಇದೆ. ಅಲ್ಲಿ ಎಲ್ಲ ಸರಿಯಿದೆ ಅಂದುಕೊಳ್ಳಬೇಡಿ.

ಇಂಗ್ಲೆಂಡಿನ ಒಂದು ತಪ್ಪನ್ನು ನೀವು ತಿಳಿದಿರಬೇಕು. ಮೊದಮೊದಲು ಅಲ್ಲಿ ಈ ಮಕ್ಕಳನ್ನು ಹದಿನೈದು ದಿನ, ಒಂದು ತಿಂಗಳು ಅಂತ ಆಸ್ಪತ್ರೆ ವಾರ್ಡಿಗೇ ಹಾಕುತ್ತಿದ್ದರು. ಮೋರೀನ್ ಆಸ್ವಿನ್ ಅನ್ನುವ ಸಂಶೋಧಕಿ ಆ ಮಕ್ಕಳ ಜೊತೆ ಕೂತು ನೋಡಿ 1984ರಲ್ಲಿ ಬರೆದರು. ಮಕ್ಕಳು ಮನೆಯ ನೆನಪಲ್ಲಿ ಕೊರಗುತ್ತಿದ್ದರು. ಅಮ್ಮ ಎಲ್ಲಿ, ಯಾವಾಗ ಬರುತ್ತಾಳೆ ಅಂತ ಅವರಿಗೆ ಯಾರೂ ತಿಳಿಯುವ ಹಾಗೆ ಹೇಳಿರಲಿಲ್ಲ. ತಾಯಿಗೆ ಬಿಡುವು ಸಿಕ್ಕಿತು, ಮಗುವಿಗೆ ಸಂಕಟ ಆಯಿತು. ಅಷ್ಟರಲ್ಲಾಗಲೇ ಕೆಲವು ಕಡೆ ಬೇರೆ ದಾರಿ ಶುರುವಾಗಿತ್ತು. ಒಂದು ಕುಟುಂಬಕ್ಕೆ ಅದೇ ಊರಿನ ಇನ್ನೊಂದು ಕುಟುಂಬವನ್ನು ಜೋಡಿಸುವುದು. ಆ ಮನೆಯವರಿಗೆ ತರಬೇತಿ, ಸ್ವಲ್ಪ ಹಣ. ಮಗು ಮೊದಲು ಆಟಕ್ಕೆ ಹೋಗುತ್ತದೆ, ಆಮೇಲೆ ಊಟಕ್ಕೆ, ಆಮೇಲೆ ಶನಿವಾರ ರಾತ್ರಿ ಉಳಿಯುತ್ತದೆ. ನಮ್ಮ ವಠಾರದ್ದೇ ಕೆಲಸ, ಬರೆದಿಟ್ಟುಕೊಂಡು ಮಾಡಿದ್ದು. ಇಷ್ಟು ವರ್ಷದಲ್ಲಿ ನಾನು ನೋಡಿದ ಎಲ್ಲ ಬಗೆಗಳಲ್ಲಿ ನನಗೆ ಹೆಚ್ಚು ನಂಬಿಕೆ ಇರುವುದು ಇದರ ಮೇಲೆ.

ನಮ್ಮ ದೇಶಕ್ಕೆ ಬರೋಣ. ಇಲ್ಲಿ ಬಹುಪಾಲು ಮಕ್ಕಳು ಯಾವ ಸಂಸ್ಥೆಗೂ ಹೋಗಲೇ ಇಲ್ಲ, ಮನೆಯಲ್ಲೇ ಬೆಳೆದರು. ನಮ್ಮ ಆಸ್ಪತ್ರೆಗಳೂ ಮನೆಯವರನ್ನು ನೆಚ್ಚಿಕೊಂಡೇ ನಡೆದವು. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಆವರಣದಲ್ಲಿ ಟೆಂಟ್ ಹಾಕಿಸಿ ಮನೆಯವರನ್ನೂ ರೋಗಿಯ ಜೊತೆ ಉಳಿಸಿಕೊಂಡರು. ನಮ್ಮ ನಿಮ್ಹಾನ್ಸ್‌ನಲ್ಲೂ ಮಕ್ಕಳ ವಾರ್ಡಿನಲ್ಲಿ ಅಪ್ಪನೋ ಅಮ್ಮನೋ ಜೊತೆಗೇ ಇರುತ್ತಾರೆ. ಒಳ್ಳೆಯ ಪದ್ಧತಿ, ನಾನೂ ಅದರಲ್ಲೇ ಕೆಲಸ ಕಲಿತವಳು. ಆದರೆ ಅದರ ಜೊತೆ ಒಂದು ಮಾತು ಬೆಳೆದುಬಿಟ್ಟಿತು: "ನಮ್ಮಲ್ಲಿ ಮನೆಯವರೇ ನೋಡಿಕೊಳ್ಳುತ್ತಾರೆ." ಮನೆಯವರು ಅಂದರೆ ಯಾರು ಅಂತ ಯಾರೂ ಕೇಳಲಿಲ್ಲ. ಎಂಟು ಜನರ ಮನೆ ಮೂರು ಜನರ ಫ್ಲ್ಯಾಟ್ ಆದ ಮೇಲೆ 'ಮನೆಯವರು' ಅಂದರೆ ಒಬ್ಬಳು ತಾಯಿ.

ಬೆಂಗಳೂರು ಈ ವಿಷಯದಲ್ಲಿ ಹಿಂದೆ ಬಿದ್ದ ಊರಲ್ಲ. 1959ರಲ್ಲಿ ಎನ್.ಎಸ್. ಹೇಮಾ ಅವರು, ತಾವೇ ಅಂಗವಿಕಲರಾಗಿದ್ದವರು, ಅಂಗವಿಕಲರಿಗಾಗಿ ಎಪಿಡಿ (ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ) ಸಂಸ್ಥೆ ಶುರು ಮಾಡಿದರು. ಬುದ್ಧಿ ಬೆಳವಣಿಗೆ ಕಮ್ಮಿ ಇರುವವರಿಗಾಗಿಯೇ ಹೊಸೂರು ರಸ್ತೆಯಲ್ಲಿ, ಕಿದ್ವಾಯಿ ಆಸ್ಪತ್ರೆ ಹತ್ತಿರ, ಹಳೆಯ ಸಂಸ್ಥೆ ಇದೆ. ಬನ್ನೇರುಘಟ್ಟ ರಸ್ತೆಯಲ್ಲಿ 1970ರಲ್ಲಿ ಆಶಾ ನಿಕೇತನ ಶುರುವಾಯಿತು. ಅಲ್ಲಿ ಬೌದ್ಧಿಕ ಅಂಗವೈಕಲ್ಯ ಇರುವವರೂ ಇಲ್ಲದವರೂ ಒಂದೇ ಮನೆಯಲ್ಲಿ ಬದುಕುತ್ತಾರೆ. ಇಂದಿರಾನಗರದ ಸ್ಪಾಸ್ಟಿಕ್ಸ್ ಸೊಸೈಟಿ ನಿಮಗೆ ಗೊತ್ತೇ ಇರುತ್ತದೆ. ಶಾಲೆ, ಥೆರಪಿ, ಟೈಲರಿಂಗ್, ಮೇಣದಬತ್ತಿ, ಎಲ್ಲ ಬಂತು. ಮನೆಯಲ್ಲೇ ಇರುವವರಿಗೆ ರಾತ್ರಿ ಹೊತ್ತಿನ ನೆರವು ಮಾತ್ರ ಹೆಚ್ಚೇನೂ ಬರಲಿಲ್ಲ. ಮೂರು ಗಂಟೆಗೆ ವ್ಯಾನ್ ಮನೆ ಮುಂದೆ ನಿಲ್ಲುತ್ತದೆ, ಅಲ್ಲಿಂದ ಮರುದಿನ ಬೆಳಿಗ್ಗೆ ಹತ್ತರವರೆಗೆ ನೀವೇ.

ಕಾನೂನಿಗೆ ಈ ವಿಷಯ ಬಂದದ್ದು 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಿಂದ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ, ಬಹು ಅಂಗವೈಕಲ್ಯ, ಈ ನಾಲ್ಕಕ್ಕೆ ಅಂತಲೇ ಮಾಡಿದ ಕಾನೂನು. ಅದರಿಂದ ಹುಟ್ಟಿದ ಸರ್ಕಾರಿ ಸಂಸ್ಥೆಯೇ ನ್ಯಾಷನಲ್ ಟ್ರಸ್ಟ್. ಅದರ ಹಿಂದೆಯೂ ಅಪ್ಪ ಅಮ್ಮಂದಿರ ಸಂಘಗಳ ಓಡಾಟ ಇತ್ತು. ಅವರನ್ನು ಓಡಿಸಿದ್ದು ನಿಮಗೂ ಗೊತ್ತಿರುವ ಪ್ರಶ್ನೆ: ನಾವು ಹೋದ ಮೇಲೆ? ಆ ಕಾಯ್ದೆಯ 10ನೇ ಸೆಕ್ಷನ್ ತೆಗೆದು ನೋಡಿ. ಕುಟುಂಬಕ್ಕೆ ಕಷ್ಟ ಬಂದ ಕಾಲದಲ್ಲಿ ಅಗತ್ಯಕ್ಕೆ ತಕ್ಕ ಸೇವೆ ಕೊಡಲು ಸಂಸ್ಥೆಗಳಿಗೆ ಬೆಂಬಲ ನೀಡುವುದು ಟ್ರಸ್ಟಿನ ಉದ್ದೇಶಗಳಲ್ಲಿ ಒಂದು. ನಿಮ್ಮ ಆಪರೇಷನ್ ಅಂಥ ಕಷ್ಟವೇ. ಅದರಡಿ 'ಸಮರ್ಥ್' ಅಂತ ಒಂದು ಯೋಜನೆ ಬಂತು, ರೆಸ್ಪೈಟ್ ಮನೆಗಳಿಗಾಗಿ. ಅದನ್ನು ಅನಾಥರಿಗೆ, ಬಡ ಕುಟುಂಬಗಳಿಗೆ, ಸಂಕಟದಲ್ಲಿ ಇರುವವರಿಗೆ ಅಂತ ಮಾಡಿದ್ದಾರೆ. ತಪ್ಪಲ್ಲ. ಆದರೆ ನಾನು ಕಂಡ ಹಾಗೆ, ಯಾರೂ ಇಲ್ಲದವರು ಬಂದು ಸೇರಿದ ಮೇಲೆ ಹಾಸಿಗೆ ಖಾಲಿಯಾಗುವುದಿಲ್ಲ. ನಾಲ್ಕು ದಿನಕ್ಕೆ ಕೇಳಿಕೊಂಡು ಬಂದವರಿಗೆ ಜಾಗ ಇರಲ್ಲ. ಕಾಯಂ ಇರುವವರಿಗೂ ನಾಲ್ಕು ದಿನಕ್ಕೆ ಬರುವವರಿಗೂ ಒಂದೇ ಕೋಣೆ ಇಟ್ಟರೆ ಹೀಗೇ ಆಗುವುದು. ಪ್ರತಿ ಸೆಂಟರಿನಲ್ಲೂ ಎರಡು ಹಾಸಿಗೆ ಬರೀ ಬಂದು ಹೋಗುವವರಿಗೆ ಅಂತ ಮೀಸಲಿಡಬೇಕು. ಈ ಮಾತನ್ನು ನಾನು ಹೋದ ಮೀಟಿಂಗಿನಲ್ಲೆಲ್ಲ ಹೇಳಿದ್ದೇನೆ, ಇನ್ನೂ ಹೇಳುತ್ತೇನೆ.

ಅಂಗವಿಕಲರ ಹಕ್ಕುಗಳ ಬಗ್ಗೆ ವಿಶ್ವಸಂಸ್ಥೆಯ ಒಪ್ಪಂದಕ್ಕೆ ನಮ್ಮ ದೇಶ 2007ರಲ್ಲಿ ಒಪ್ಪಿಗೆ ಕೊಟ್ಟಿದೆ. ಅದರ 28ನೇ ವಿಧಿಯಲ್ಲಿ, ಬಡತನದಲ್ಲಿರುವ ಕುಟುಂಬಗಳಿಗೆ ಸರ್ಕಾರ ಕೊಡಬೇಕಾದ ನೆರವಿನಲ್ಲಿ ರೆಸ್ಪೈಟ್ ಕೇರ್ ಅನ್ನುವ ಪದವೇ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ, ಸಂಬಳ ಇದ್ದರೂ ಇಲ್ಲದಿದ್ದರೂ ನೋಡಿಕೊಳ್ಳುವ ತಂದೆತಾಯಿ 'ಆರೈಕೆದಾರರು' ಅಂತ ಸೇರಿಸಿದ್ದಾರೆ. ಜಾಸ್ತಿ ನೆರವು ಬೇಕಾದವರಿಗೆ ಆರೈಕೆದಾರರ ಭತ್ಯೆಯ ಮಾತೂ ಇದೆ. ಅಂದರೆ ನೀವು ಮಾಡುತ್ತಿರುವುದು ಕೆಲಸ ಅಂತ ಕಾನೂನು ಒಪ್ಪಿದೆ. ಕೆಲಸ ಅಂದ ಮೇಲೆ ರಜೆ ಕೇಳುವುದರಲ್ಲಿ ತಪ್ಪೇನಿದೆ?

ಇನ್ನು ಬೆಂಗಳೂರಲ್ಲಿ ಎಲ್ಲಿ ಕೇಳಬೇಕು ಅನ್ನುವುದು. ಮೊದಲು ನಿಮ್ಮ ಡೇ ಕೇರ್‌ನವರನ್ನೇ ಕೇಳಿ. ಅವನಿಗೆ ಮುಖ ಪರಿಚಯ ಇರುವ ಆಯಾ ಅಥವಾ ಟೀಚರ್ ಸಂಜೆ ಹೊತ್ತು ಮನೆಗೆ ಬರಬಹುದಾ? ಅರ್ಧ ಕೆಲಸ ಅಲ್ಲೇ ಆಗುತ್ತದೆ. ಎರಡನೆಯದು, ಕೆ.ಜಿ. ರಸ್ತೆಯ ಕಂದಾಯ ಭವನದಲ್ಲಿ ಜಿಲ್ಲಾಧಿಕಾರಿ ಕಚೇರಿ. ನ್ಯಾಷನಲ್ ಟ್ರಸ್ಟಿನ ಲೋಕಲ್ ಲೆವೆಲ್ ಕಮಿಟಿ ಇರುವುದು ಜಿಲ್ಲಾಧಿಕಾರಿಗಳ ಕೆಳಗೆ. ಟ್ರಸ್ಟಿನಲ್ಲಿ ನೋಂದಾಯಿಸಿದ ಸಂಸ್ಥೆಗಳ ಪಟ್ಟಿ ಕೇಳಿ. 18 ತುಂಬಿದ ಮಗನಿಗೆ ಗಾರ್ಡಿಯನ್‌ಶಿಪ್, ಅಂದರೆ ಕಾನೂನಿನ ಪ್ರಕಾರ ಪೋಷಕರ ನೇಮಕ, ಮಾಡಿಸಿಲ್ಲ ಅಂದರೆ ಅದನ್ನೂ ಅಲ್ಲೇ ವಿಚಾರಿಸಿ. ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ, ಯುಡಿಐಡಿ ಕಾರ್ಡ್, ಜೊತೆಗಿರಲಿ. ಒಂದು ಲಕ್ಷದವರೆಗಿನ 'ನಿರಾಮಯ' ಆರೋಗ್ಯ ವಿಮೆಯೂ ಟ್ರಸ್ಟಿನದ್ದೇ. ಇಲ್ಲದಿದ್ದರೆ ಅದನ್ನೂ ಕೇಳಿ.

ಜಾಗ ಸಿಕ್ಕಿದರೆ ಸಂಜೆ ಐದೂವರೆಗೆ, ಹೇಳದೆ ಹೋಗಿ ನೋಡಿ. ಬೆಳಿಗ್ಗೆ ಎಲ್ಲ ಕಡೆಯೂ ಚೆನ್ನಾಗಿರುತ್ತದೆ. ರಾತ್ರಿ ಎಷ್ಟು ಜನ ಎಚ್ಚರ ಇರುತ್ತಾರೆ ಅಂತ ಕೇಳಿ. ಬಚ್ಚಲಿನ ನೆಲ ನೋಡಿ. ಮಾತ್ರೆ ಯಾರು ಕೊಡುತ್ತಾರೆ, ಎಲ್ಲಿ ಬರೆಯುತ್ತಾರೆ ಅಂತ ಕೇಳಿ. ಅಲ್ಲಿರುವವರು ನಿಮ್ಮ ಹತ್ತಿರ ಬರುತ್ತಾರಾ, ಸಿಬ್ಬಂದಿ ಕಡೆ ನೋಡಿ ಹಿಂದೆ ಸರಿಯುತ್ತಾರಾ? ಇದನ್ನು ಗಮನಿಸಿ.

ನನ್ನ ಮೊದಲ ವರ್ಷಗಳಲ್ಲಿ ಒಂದು ಸಲ ಆದದ್ದು ಹೇಳುತ್ತೇನೆ. ಅಪ್ಪನಿಗೆ ಹಾರ್ಟ್ ಆಪರೇಷನ್ ಅಂತ ಒಬ್ಬ ಹುಡುಗನನ್ನು ಒಂದು ಕಡೆ ನಾಲ್ಕು ದಿನಕ್ಕೆ ಬಿಟ್ಟೆವು. ಅವಸರದಲ್ಲಿ, ಒಂದೇ ದಿನದಲ್ಲಿ. ಮನೆಯಲ್ಲಿ ಅವನು ಅಂಚು ಎತ್ತರ ಇರುವ ಒಂದು ಸ್ಟೀಲ್ ತಟ್ಟೆಯಲ್ಲಿ ಮಾತ್ರ ಉಣ್ಣುತ್ತಿದ್ದ. ಮೊಸರನ್ನವನ್ನು ಚೆನ್ನಾಗಿ ಕಿವುಚಿ ಕೊಡಬೇಕಿತ್ತು. ಇದು ಅವನಮ್ಮನಿಗೆ ಎಷ್ಟು ಅಭ್ಯಾಸ ಅಂದರೆ ಹೇಳಬೇಕು ಅಂತಲೇ ಅವರಿಗೆ ಹೊಳೆಯಲಿಲ್ಲ. ನಾನು ಕೇಳಲಿಲ್ಲ. ಅಲ್ಲಿ ಪ್ಲಾಸ್ಟಿಕ್ ತಟ್ಟೆಯಲ್ಲಿ ಅನ್ನ, ಸಾರು ಕೊಟ್ಟರು. ಅವನು ಮುಟ್ಟಲಿಲ್ಲ. "ಹಟ" ಅಂತ ಬರೆದಿಟ್ಟಿದ್ದರು. ನಾಲ್ಕನೇ ದಿನ ಕರೆತರಲು ಹೋದಾಗ ಕೆನ್ನೆ ಇಳಿದುಹೋಗಿತ್ತು. ಮನೆಗೆ ಬಂದವನು ಅಡುಗೆಮನೆಗೆ ಹೋಗಿ ಆ ತಟ್ಟೆ ತೆಗೆದುಕೊಂಡು ಕೂತ. ನನಗೆ ಇವತ್ತಿಗೂ ಅದು ಕಣ್ಣ ಮುಂದೆ ಇದೆ.

ಅದಕ್ಕೇ ಒಂದು ನೂರು ಪುಟದ ನೋಟ್‌ಬುಕ್ ತನ್ನಿ. ನಿಮ್ಮ ಮಗನ ಪುಸ್ತಕ ಅದು. ಮಾತ್ರೆ, ಫಿಟ್ಸ್ ಇದ್ದರೆ ಅದರ ವಿವರ, ಡಾಕ್ಟರ್ ಫೋನ್ ನಂಬರ್ ಮೊದಲ ಪುಟದಲ್ಲಿ. ಆಮೇಲೆ ಅವನ ದಿನ. ಎದ್ದ ತಕ್ಷಣ ಏನು ಮಾಡುತ್ತಾನೆ, ಬಿಸಿನೀರು ಎಷ್ಟು ಬಿಸಿ, ಯಾವ ಬನಿಯನ್ ಹಾಕಿಕೊಳ್ಳಲ್ಲ, ಕಿವಿ ಮುಚ್ಚಿಕೊಂಡರೆ ಏನರ್ಥ, ಕೋಪ ಬರುವ ಮುಂಚೆ ಮುಖ ಹೇಗಾಗುತ್ತದೆ, ಆಗ ಏನು ಮಾಡಿದರೆ ಇಳಿಯುತ್ತದೆ. ಒಂದು ವಾರ ಸುಮ್ನೆ ನಿಮ್ಮನ್ನು ನೀವೇ ಗಮನಿಸಿ. ಕೈ ತಾನಾಗಿ ಮಾಡುವುದನ್ನೆಲ್ಲ ಬರೆಯಿರಿ. ನಿಮ್ಮ ಯಜಮಾನರಿಗೂ ಓದಿಸಿ. ಅವರಿಗೂ ಅದರಲ್ಲಿ ಎಷ್ಟೋ ಹೊಸದು ಇರುತ್ತದೆ.

ಎರಡು ಮೂರು ತಿಂಗಳು ಬೇಕು ಅಂದದ್ದು ಇದಕ್ಕೆ. ಮೊದಲ ಎರಡು ವಾರ ನೋಡಿಕೊಳ್ಳುವವರು ನಿಮ್ಮ ಮನೆಗೆ ಬರಲಿ, ನೀವು ಪಕ್ಕದ ಕೋಣೆಯಲ್ಲಿರಿ. ಆಮೇಲೆ ನೀವು ಒಂದು ಗಂಟೆ ಹೊರಗೆ ಹೋಗಿ. ಆಮೇಲೆ ಅವನು ಅವರಲ್ಲಿಗೆ ಹೋಗಲಿ, ಒಂದು ಊಟ. ಆಮೇಲೆ ಒಂದು ರಾತ್ರಿ. ಆಪರೇಷನ್ ಆದ ಮೇಲೂ ಐದಾರು ವಾರ ನೀವು ಭಾರ ಎತ್ತುವ ಹಾಗಿಲ್ಲ. 24 ವರ್ಷದ ಮಗನನ್ನು ಎಬ್ಬಿಸಿ ಸ್ನಾನ ಮಾಡಿಸುವ ಹಾಗಿಲ್ಲ. ಆಸ್ಪತ್ರೆಯ ನಾಲ್ಕು ದಿನಕ್ಕಿಂತ ಆ ಐದಾರು ವಾರಕ್ಕೆ ಜನ ಹೊಂದಿಸುವುದು ಮುಖ್ಯ. ಶೇವಿಂಗ್, ಸ್ನಾನ ಇವತ್ತಿನಿಂದಲೇ ಯಜಮಾನರು ಶುರು ಮಾಡಲಿ.

ಇದು ನಿಮಗೂ ಅಭ್ಯಾಸ ಆಗಬೇಕು. ಕೆಲವು ವರ್ಷದ ಹಿಂದೆ ಜಯನಗರದಲ್ಲಿ ನಾಲ್ಕು ಮನೆಯವರನ್ನು ಸೇರಿಸಿ ಒಂದು ಏರ್ಪಾಡು ಮಾಡಿದೆವು. ಶನಿವಾರ ಸರದಿಯ ಮೇಲೆ ಒಬ್ಬರ ಮನೆಯಲ್ಲಿ ಎರಡು ಗಂಟೆ ಎಲ್ಲ ಮಕ್ಕಳೂ. ಮೊದಲ ವಾರ ಒಬ್ಬ ತಾಯಿ ಮಗಳನ್ನು ಬಿಟ್ಟು ಕೆಳಗಿಳಿದು ಬಂದರು. ಎದುರಿನ ಬಸ್ ಸ್ಟಾಪಿನಲ್ಲಿ, ಮಗಳ ಟಿಫಿನ್ ಬ್ಯಾಗ್ ತೊಡೆ ಮೇಲಿಟ್ಟುಕೊಂಡು ಕೂತರು. ಒಂದು ಕಾಫಿ ಕುಡಿದು ಬನ್ನಿ ಅಂದೆ. "ಹದಿನೇಳು ವರ್ಷದಿಂದ ಒಬ್ಬಳೇ ಎಲ್ಲೂ ಹೋಗಿಲ್ಲ ಮೇಡಂ. ಕಾಲು ಯಾವ ಕಡೆ ಹಾಕ್ಬೇಕು ಅಂತ ಗೊತ್ತಾಗ್ತಿಲ್ಲ" ಅಂದರು. ಎರಡು ಗಂಟೆ ಅಲ್ಲೇ ಕೂತಿದ್ದರು. ಎರಡನೇ ವಾರವೂ ಅಷ್ಟೇ. ಮೂರನೇ ವಾರ ನೋಡಿದರೆ ಬಸ್ ಸ್ಟಾಪ್ ಖಾಲಿ. ಬ್ಲೌಸ್ ಹೊಲಿಯಲು ಕೊಟ್ಟು ಬಂದಿದ್ದರು. ಅಳತೆ ಕೊಡುವಾಗ ಟೈಲರ್ ಜೊತೆ ಜಗಳ ಆಡಿದೆ ಅಂತ ಖುಷಿಯಲ್ಲಿ ಹೇಳಿದರು. ನಿಮ್ಮ ಡೇ ಕೇರ್‌ನಲ್ಲೂ ಇಂಥ ಮೂರು ಮನೆ ಸಿಗುತ್ತವೆ, ಕೇಳಿ ನೋಡಿ.

ಒಂದು ರಾತ್ರಿ ಬಿಡುವ ದಿನ ಬಂದಾಗ, ಅವನಿಗೆ ಹೇಳದೆ ಜಾರಿಕೊಂಡು ಹೋಗಬೇಡಿ. ಅಳುತ್ತಾನೆ ಅಂತ ಎಲ್ಲರೂ ಹಾಗೆ ಮಾಡುತ್ತಾರೆ. ಹಾಗೆ ಮಾಡಿದರೆ ನೀವು ಅಡುಗೆಮನೆಗೆ ಹೋದರೂ ಅವನಿಗೆ ಭಯ ಶುರುವಾಗುತ್ತದೆ. ಒಂದು ಕಾಗದದಲ್ಲಿ ಚಿತ್ರ ಬರೆದು ತೋರಿಸಿ: ಊಟ, ಹಾಸಿಗೆ, ತಿಂಡಿ, ಅಮ್ಮ. ಅಮ್ಮನ ಚಿತ್ರದ ಪಕ್ಕ ಗಡಿಯಾರ. ಆ ಕಾಗದ ಅವನ ಕೈಯಲ್ಲೇ ಇರಲಿ. ಹನ್ನೊಂದು ಗಂಟೆ ಅಂತ ತೋರಿಸಿದ್ದರೆ ಟ್ರಾಫಿಕ್ ಲೆಕ್ಕ ಹಾಕಿ ಹತ್ತೂ ಮುಕ್ಕಾಲಿಗೇ ಅಲ್ಲಿ ಗೇಟಿನ ಹತ್ತಿರ ಇರಿ.